ಘನತೆಯ ಸಾವಿಗೂ ಮೊದಲು ಒಂದು ಚಮಚ ಗಂಜಿ

ಬರಹ ಉದ್ದ ಇದೆ. ಬಿಡುವಾದಾಗ ಓದಿ, ಆದ್ರೆ ಪೂರ್ತಿ ಓದಿ.

ಮೊನ್ನೆಗೆ ನಮ್ಮವ್ವ ಹೋಗಿ ಒಂದು ವರ್ಷ ಆಯ್ತು. ತಿಥಿ, ಎಡೆ ನಾವು ಇಡಲ್ಲ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಕೆ.ಆರ್. ಮಾರ್ಕೆಟ್ಟಿಗೆ ಹೋಗಿ ಒಂದು ಕಟ್ಟು ಮರುಗ ತಂದು ಅವಳ ಫೋಟೋ ಮುಂದೆ ಇಟ್ಟೆ. ಆಷಾಢ ಅಲ್ವಾ, ಹೂವಿಗೆ ರೇಟಿರಲಿಲ್ಲ. ಮಾರದೆ ಉಳಿದ ಸೇವಂತಿಗೆ ರಾಶಿ ರಾಶಿ ಬಿದ್ದಿತ್ತು. ಒಬ್ಬ ತಾಯಿ ಕಡ್ಡಿಪೊರಕೆ ಹಿಡಿದು ಅದನ್ನು ಗುಡ್ಡೆ ಹಾಕ್ತಿದ್ರು. ಅವರು ಬಗ್ಗಿ ನಿಂತಿದ್ದ ರೀತಿ ನೋಡಿ ನಾನು ಅಲ್ಲೇ ನಿಂತುಬಿಟ್ಟೆ.

ನಮ್ಮವ್ವ 1979ರಿಂದ 2010ರವರೆಗೆ ಆ ಜಾಗ ಗುಡಿಸಿದಳು. ಮೂವತ್ತೊಂದು ವರ್ಷ. ಆಯುಧಪೂಜೆಯ ಮಾರನೇ ದಿನ ಒಡೆದ ಬೂದುಗುಂಬಳ, ಬಾಳೆಕಂದು, ಕೊಳೆತ ಚೆಂಡುಹೂವು ಮಂಡಿಮಟ್ಟ ಬಿದ್ದಿರುತ್ತಲ್ಲ, ಅದನ್ನ ಬರಿಗೈಯಲ್ಲಿ ಎತ್ತಿದವಳು. ಕೊನೆಗೆ ಅವಳು ಮಾರ್ಕೆಟ್ಟನ್ನ ಮರೆತಳು. ನನ್ನ ಹೆಸರು ಮರೆತಳು. ನಡೆಯೋದು, ಮಾತಾಡೋದು, ಕಡೇಲಿ ನುಂಗೋದನ್ನೂ ಮರೆತಳು. ಡಾಕ್ಟ್ರು ಇದಕ್ಕೆ ಡಿಮೆನ್ಶಿಯಾ ಅಂತಾರೆ. ನಮ್ಮ ಕಡೆ 'ಅರಳು ಮರಳು' ಅಂತ ನಕ್ಕು ಸುಮ್ಮನಾಗ್ತಾರೆ.

ಈ ವರ್ಷವಿಡೀ ಬರೀಬೇಕು ಅಂದ್ಕೊಂಡೆ, ಆಗಲಿಲ್ಲ. ನಾಚಿಕೆ ಇತ್ತು. ಏನು ನಾಚಿಕೆ ಅಂತ ಮುಂದೆ ಹೇಳ್ತೀನಿ. ಈಗ ಬರೆಯೋಕೆ ಕಾರಣ, 'ಘನತೆಯಿಂದ ಸಾಯುವ ಹಕ್ಕು' ಬಗ್ಗೆ ನಮ್ಮ ಗೆಳೆಯರ ನಡುವೆ ನಡೀತಿರೋ ಜಗಳ. ಕೆಲವರು ಅದನ್ನ ಪ್ರಗತಿಪರ ಅಂತಾರೆ. ಕೆಲವರು, 'ದಲಿತರನ್ನ ಸಾಯೋಕೆ ಬಿಡೋದರಲ್ಲಿ ಈ ವ್ಯವಸ್ಥೆ ಮೊದಲಿಂದಲೂ ಪಂಟರ್, ಅದಕ್ಕೆ ಇನ್ನೊಂದು ಕಾನೂನು ಬೇರೆ ಬೇಕಾ' ಅಂತಾರೆ. ನನಗೆ ಎರಡೂ ಕಡೆ ಅರ್ಧ ಸತ್ಯ ಕಾಣುತ್ತೆ. ಸಾವಿನ ಘನತೆ ಕೊನೆಯ ಎರಡು ದಿನದ ಕಾಗದ, ಸಹಿಯಲ್ಲಿ ಹುಟ್ಟಲ್ಲ. ಅದಕ್ಕೂ ಹಿಂದಿನ ಎರಡು ವರ್ಷ ಆ ಹಾಸಿಗೆ ಪಕ್ಕ ಯಾರಿದ್ರು, ಯಾರಿರಲಿಲ್ಲ ಅನ್ನೋದರಲ್ಲಿ ಇರುತ್ತೆ. ನಮ್ಮ ಚಳವಳಿ ಆ ಎರಡು ವರ್ಷದ ಬಗ್ಗೆ ಇವತ್ತಿನವರೆಗೆ ಬಾಯಿ ಬಿಟ್ಟಿಲ್ಲ. ಇಷ್ಟೇ ನನ್ನ ವಾದ.

ಮೊದಲು ಅವ್ವನ ಕತೆ.

2015ರ ಹೊತ್ತಿಗೆ ಶುರುವಾಯ್ತು. ಹಾಲಿನವನಿಗೆ ಎರಡೆರಡು ಸಲ ದುಡ್ಡು ಕೊಡೋಳು. ಕಲಾಸಿಪಾಳ್ಯದಿಂದ ಮನೆಗೆ ಬರೋ ದಾರಿ ತಪ್ಪೋಳು. ರಿಟೈರಾಗಿ ಐದು ವರ್ಷ ಕಳೆದಿದ್ರೂ ಬೆಳಗಿನ ಜಾವ ಎದ್ದು ಪೊರಕೆ ಹುಡುಕೋಳು. 'ಲೇಟಾಯ್ತು, ಮೇಸ್ತ್ರಿ ಹಾಜರಿ ಹಾಕಲ್ಲ' ಅಂತ ಅಳೋಳು. ವಯಸ್ಸು ಅಂತ ನಾವೂ ಸುಮ್ಮನಿದ್ವಿ. ವಯಸ್ಸಾದ್ರೂ ಎಷ್ಟು? ಆಧಾರ್ ಪ್ರಕಾರ ಹುಟ್ಟಿದ್ದು 1950ರ ಜನವರಿ 1. ನಮ್ಮ ಕೇರಿಯ ಮುದುಕರೆಲ್ಲ ಜನವರಿ 1ಕ್ಕೇ ಹುಟ್ಟಿದವರು.

ಮೂರು ವರ್ಷ ಬಿಟ್ಟು ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದ್ವಿ. ನೆನಪಿನ ಪರೀಕ್ಷೆ ಮಾಡಿದ್ರು. ಇವತ್ತು ಯಾವ ತಾರೀಕು? ಇದು ಎಷ್ಟನೇ ಮಹಡಿ? ನೂರರಲ್ಲಿ ಏಳು ಕಳೆದರೆ ಎಷ್ಟು? ಅವ್ವ ಆ ಹುಡುಗನ ಮುಖ ನೋಡಿ, 'ಏಳು ಯಾರ್ಗೆ ಕೊಟ್ರಿ?' ಅಂತ ಕೇಳಿದಳು. ಆಮೇಲೆ ಒಂದು ವಾಕ್ಯ ಬರೆಯೋಕೆ ಪೆನ್ನು ಕೊಟ್ರು. ಎಪ್ಪತ್ತು ವರ್ಷದಲ್ಲಿ ಯಾರೂ ಅವಳ ಕೈಗೆ ಪೆನ್ನು ಕೊಟ್ಟಿರಲಿಲ್ಲ. ಹಾಜರಿ ಪುಸ್ತಕಕ್ಕೆ ಹೆಬ್ಬೆಟ್ಟು ಒತ್ತಿದ ಕೈ ಅದು. ಪೆನ್ನನ್ನ ಸೆರಗಲ್ಲಿ ಒರೆಸಿ ವಾಪಸ್ ಕೊಟ್ಟಳು.

ಆ ಹುಡುಗ ಕೆಟ್ಟವನಲ್ಲ. ಆದ್ರೆ ಆ ಪರೀಕ್ಷೆ ಅವ್ವನ ಮಿದುಳನ್ನ ಅಳೀತಾ, ಅವಳು ಹೋಗದ ಶಾಲೆಯನ್ನ ಅಳೀತಾ? ಓದು ಬರಹ ಇಲ್ಲದವರಿಗೆ ಅಂತಲೇ ಹರಿಯಾಣದ ಬಲ್ಲಭಗಢದಲ್ಲಿ ಸಂಶೋಧಕರು ಬೇರೆ ಪರೀಕ್ಷೆಯನ್ನೇ ರೂಪಿಸಿದ್ದಾರೆ. ಅಂದ್ರೆ ದಾರಿ ಇದೆ. ನಮ್ಮವರನ್ನ ಆ ದಾರಿಗೆ ಕರ್ಕೊಂಡು ಹೋಗೋರಿಲ್ಲ.

ಇನ್ನೊಂದು ವಿಷಯ. 2023ರಲ್ಲಿ ಪ್ರಕಟವಾದ ದೇಶಮಟ್ಟದ ಅಧ್ಯಯನದ ಪ್ರಕಾರ 60 ದಾಟಿದವರಲ್ಲಿ ಶೇ. 7.4ರಷ್ಟು ಜನಕ್ಕೆ ಡಿಮೆನ್ಶಿಯಾ ಇದೆ. ಸುಮಾರು 88 ಲಕ್ಷ ಜನ. ಯಾರಲ್ಲಿ ಜಾಸ್ತಿ? ಹೆಂಗಸರಲ್ಲಿ, ಹಳ್ಳಿಯವರಲ್ಲಿ, ಶಾಲೆಗೆ ಹೋಗದವರಲ್ಲಿ. ಲ್ಯಾನ್ಸೆಟ್ ಪತ್ರಿಕೆಯ ಆಯೋಗ 2024ರಲ್ಲಿ ಪಟ್ಟಿ ಮಾಡಿದ 14 ಅಪಾಯದ ಕಾರಣಗಳಲ್ಲಿ ಚಿಕ್ಕಂದಿನಲ್ಲಿ ಓದು ಸಿಗದೇ ಇರೋದೂ ಒಂದು. ನಮ್ಮವ್ವನಿಗೆ ಶಾಲೆಯ ಬಾಗಿಲು ಯಾಕೆ ತೆರೀಲಿಲ್ಲ ಅಂತ ಈ ಬರಹ ಓದೋರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಆರನೇ ವಯಸ್ಸಲ್ಲಿ ಮುಚ್ಚಿದ ಬಾಗಿಲು ಅರವತ್ತೈದಕ್ಕೆ ಬಂದು ತಲೆಗೆ ಬಡೀತು.

ಆ ದಿನ ಡಾಕ್ಟ್ರು ಹೇಳಿದ್ದು, 'ಇದಕ್ಕೆ ಔಷಧಿ ಇಲ್ಲ, ಹುಷಾರಾಗಿ ನೋಡ್ಕೊಳ್ಳಿ' ಅಂತ. ಹೇಳದೇ ಬಿಟ್ಟಿದ್ದು, ಇದು ಸಾವಿಗೆ ಕರ್ಕೊಂಡು ಹೋಗೋ ಕಾಯಿಲೆ ಅಂತ. ಕ್ಯಾನ್ಸರ್ ಅಂದ್ರೆ ಊರೆಲ್ಲ ಬಂದು ಕೂರುತ್ತೆ. ಡಿಮೆನ್ಶಿಯಾನೂ ಕೊಲ್ಲುತ್ತೆ ಅಂತ ಯಾರಿಗೂ ಗೊತ್ತಿಲ್ಲ. ಅಮೆರಿಕದಲ್ಲಿ ಕೊನೆಯ ಹಂತದ 323 ಜನರನ್ನ ಹದಿನೆಂಟು ತಿಂಗಳು ಗಮನಿಸಿ 2009ರಲ್ಲಿ ವರದಿ ಮಾಡಿದ್ರು. ಅಷ್ಟರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ತೀರಿಹೋದ್ರು. ನೂರಕ್ಕೆ ಎಂಬತ್ತಾರು ಜನಕ್ಕೆ ಊಟ ನುಂಗೋ ತೊಂದರೆ. ಮತ್ತೆ ಮತ್ತೆ ಜ್ವರ, ನ್ಯುಮೋನಿಯಾ. ಇದನ್ನ ಯಾರಾದ್ರೂ ಮೊದಲೇ ಕೂರಿಸಿ ಹೇಳಿದ್ದಿದ್ರೆ 2023ರಲ್ಲಿ ಆದದ್ದು ಆಗ್ತಿರಲಿಲ್ಲ.

ಆವತ್ತು ಅವ್ವನಿಗೆ ಅನ್ನ ನೆತ್ತಿಗೆ ಹತ್ತಿ, ಜ್ವರ ಬಂದು, ಒಂದು ಆಸ್ಪತ್ರೆಗೆ ಸೇರಿಸಿದ್ವಿ. ಮೂಗಿಗೆ ಟ್ಯೂಬು ಹಾಕಿದ್ರು. ಅವಳು ಕಿತ್ತಳು. ಮತ್ತೆ ಹಾಕಿದ್ರು, ಮತ್ತೆ ಕಿತ್ತಳು. ಸಂಜೆ ನಾನು ಹೋದಾಗ ಎರಡೂ ಕೈಯನ್ನ ಬ್ಯಾಂಡೇಜ್ ಬಟ್ಟೆಯಲ್ಲಿ ಮಂಚದ ಕಂಬಿಗೆ ಕಟ್ಟಿದ್ರು. ಅವಳ ಬಲಗೈ ಕಟ್ಟಿದ ಜಾಗದಲ್ಲೇ ಅತ್ತಿಂದಿತ್ತ ಆಡ್ತಿತ್ತು. ಗುಡಿಸ್ತಿದ್ದಳು.

ಆಸ್ಪತ್ರೆ ಹೆಸರು ಹಾಕಲ್ಲ. ಅಲ್ಲಿ ಒಂದು ವಾರ್ಡಿಗೆ ಇಬ್ಬರು ನರ್ಸು, ಅವರನ್ನ ಬೈದು ಏನೂ ಪ್ರಯೋಜನ ಇಲ್ಲ. ನಾನೂ ಸಹಿ ಹಾಕಿದ್ದೆ. 'ಟ್ಯೂಬ್ ಹಾಕದಿದ್ರೆ ಹಸಿದು ಸಾಯ್ತಾರೆ' ಅಂದ್ರು. ಹಸಿವು ಅನ್ನೋ ಪದ ಕೇಳಿದ ಮೇಲೆ ನಮ್ಮಂಥ ಮನೆಯ ಮಗ ಯಾವ ಕಾಗದಕ್ಕೆ ಸಹಿ ಹಾಕಲ್ಲ ಹೇಳಿ? ಹಸಿವು ನಮಗೆ ಪುಸ್ತಕದ ಮಾತಲ್ಲ.

ಮುಂದೆ ನಮ್ಮ ವಠಾರದ ಹತ್ತಿರವೇ ಇದ್ದ ಒಬ್ಬ ರಿಟೈರಾದ ನರ್ಸಮ್ಮ ತಿಳಿಸಿ ಹೇಳಿದ್ರು. ಈ ಹಂತದಲ್ಲಿ ಟ್ಯೂಬು ಆಯಸ್ಸು ಹೆಚ್ಚಿಸುತ್ತೆ ಅನ್ನೋಕೆ ಆಧಾರ ಇಲ್ಲ, ನ್ಯುಮೋನಿಯಾನೂ ತಡೆಯಲ್ಲ, ಕೈ ಕಟ್ಟೋದು, ಬೆನ್ನಿಗೆ ಹುಣ್ಣಾಗೋದು ಜಾಸ್ತಿ ಆಗುತ್ತೆ ಅಂತ. ಅಮೆರಿಕದ ವೃದ್ಧರ ವೈದ್ಯರ ಸಂಘ 2014ರಲ್ಲೇ ಹೇಳಿದೆ: ಕೊನೆಯ ಹಂತದ ಡಿಮೆನ್ಶಿಯಾಕ್ಕೆ ಟ್ಯೂಬು ಬೇಡ, ಜೋಪಾನವಾಗಿ ಕೈತುತ್ತು ಕೊಡಿ ಅಂತ. ನರ್ಸಮ್ಮ ತೋರಿಸಿಕೊಟ್ರು. ಕೂರಿಸಿ, ಗದ್ದ ಸ್ವಲ್ಪ ತಗ್ಗಿಸಿ, ಗಟ್ಟಿ ರಾಗಿಗಂಜಿ, ಅರ್ಧ ಚಮಚ. ನುಂಗಿದ್ದು ನೋಡಿ ಇನ್ನರ್ಧ. ಬಾಯಿ ಮುಚ್ಚಿದ್ರೆ ನಿಲ್ಲಿಸಿ. 'ಹೊಟ್ಟೆ ತುಂಬಿಸೋಕೆ ಹೋಗ್ಬೇಡ ಮಗಾ, ನಾಲಿಗೆಗೆ ಉಪ್ಪಿನ ರುಚಿ ಸಿಕ್ರೆ ಸಾಕು' ಅಂದ್ರು. ಒಂದು ಲೋಟ ಗಂಜಿಗೆ ಮುಕ್ಕಾಲು ಗಂಟೆ.

ಮಾತಾಡಲಾಗದವರ ನೋವನ್ನ ಕಂಡುಹಿಡಿಯೋದನ್ನೂ ಅವರೇ ಕಲಿಸಿದ್ರು. ಉಸಿರು ಹೇಗಿದೆ, ನರಳ್ತಿದಾರಾ, ಹುಬ್ಬು ಗಂಟಿಕ್ಕಿದೆಯಾ, ಮುಷ್ಟಿ ಬಿಗಿದಿದೆಯಾ, ಮುಟ್ಟಿ ಸಮಾಧಾನ ಮಾಡಿದ್ರೆ ಸುಮ್ಮನಾಗ್ತಾರಾ. ಈ ಐದನ್ನ ನೋಡಿ ಸೊನ್ನೆಯಿಂದ ಹತ್ತರವರೆಗೆ ಅಂಕ ಹಾಕೋ ಅಳತೆಗೋಲೇ ಇದೆಯಂತೆ. ಅಲ್ಲಿವರೆಗೆ ನಾವು ಅವಳ ಕಿರುಚಾಟಕ್ಕೆ 'ಹಠ' ಅಂತಿದ್ವಿ. ಸೊಂಟದ ಹುಣ್ಣು ಅದು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಡ್ರೆಸ್ಸಿಂಗಿಗೆ ಮುಂಚೆ ನೋವಿನ ಔಷಧಿ ಕೊಡೋಕೆ ಶುರು ಮಾಡಿದ ಮೇಲೆ ಹಠ ನಿಂತಿತು.

ಇದಕ್ಕೇ ಪ್ಯಾಲಿಯೇಟಿವ್ ಕೇರ್, ಉಪಶಾಮಕ ಆರೈಕೆ ಅನ್ನೋದು. ವಾಸಿಯಾಗದ ಕಾಯಿಲೆಯ ನೋವು ಇಳಿಸೋದು, ಮನೆಯವರಿಗೆ ಕೈ ಹಿಡಿದು ಕಲಿಸೋದು. ಇದರಲ್ಲಿ ಯಾವ ದುಬಾರಿ ಯಂತ್ರ ಇದೆ ಹೇಳಿ?

ಈಗ ನನ್ನ ನಾಚಿಕೆಗೆ ಬರ್ತೀನಿ.

ಮೇಲೆ 'ಕೂರಿಸಿ, ತಿನ್ನಿಸಿ' ಅಂತೆಲ್ಲ ಬರೆದೆ. ಮಾಡಿದ್ದು ನಾನಲ್ಲ, ನಮ್ಮಕ್ಕ. ಮಾಡ್ತಿದ್ದ ಕೆಲಸ ಬಿಟ್ಟು ಎರಡು ವರ್ಷ. ನಾನು ಪೌರಕಾರ್ಮಿಕರ ಘನತೆ ಬಗ್ಗೆ ಫ್ರೀಡಂ ಪಾರ್ಕಲ್ಲಿ ಗಂಟಲು ಹರಿದುಕೊಂಡು ಮನೆಗೆ ಬಂದಾಗ ಅಕ್ಕ ಅವ್ವನ ಮಲದ ಬಟ್ಟೆ ಒಗೀತಿದ್ದಳು. 'ಬೇರೆಯವರ ಹೊಲಸು ನಮ್ಮ ಕೈಯಲ್ಲೇ ಯಾಕೆ ಎತ್ತಿಸ್ತೀರಿ' ಅಂತ ಊರಿಗೆಲ್ಲ ಕೇಳಿದವನು ನಾನು. ನಮ್ಮ ಮನೆಯೊಳಗೆ ಅದು ಯಾರ ಕೈಗೆ ಬಿತ್ತು ಅಂತ ಕೇಳ್ಕೊಳ್ಳಲಿಲ್ಲ. ಒಂದು ದಿನ ಅಕ್ಕನಿಗೆ ಸೊಂಟ ಹಿಡ್ಕೊಂಡು ಏಳೋಕೇ ಆಗಲಿಲ್ಲ. ಆವತ್ತು ನಲವತ್ತೇಳನೇ ವಯಸ್ಸಲ್ಲಿ ಮೊದಲ ಸಲ ನಾನು ಹೆತ್ತವ್ವನ ತೊಳೆಯೋಕೆ ಹೋದೆ. ಮೀಟಿಂಗಿಗೆ ಹೊರಟಿದ್ದೆ, ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿದ್ದೆ.

ತಿಂಗಳುಗಟ್ಟಲೆ ಮಾತಾಡದಿದ್ದವಳು ನನ್ನ ನೋಡಿ ಗೋಡೆ ಕಡೆ ಸರಿದಳು. ಕೈ ಮುಗಿದಳು. 'ಬುದ್ಧೀ, ಮುಟ್ಟಬ್ಯಾಡಿ' ಅಂದಳು.

ಮಗನ ಮುಖ ಮರೆತಿದ್ದಳು. ದೂರ ನಿಲ್ಲೋದನ್ನ ಮರೆತಿರಲಿಲ್ಲ. ಡಿಮೆನ್ಶಿಯಾದಲ್ಲಿ ಹೊಸ ನೆನಪು ಮೊದಲು ಅಳಿಸುತ್ತೆ, ಹಳೇದು ಕೊನೆಗೆ ಹೋಗುತ್ತೆ ಅಂತಾರೆ. ನಮ್ಮವರ ತಲೆಯ ತಳದಲ್ಲಿ ಉಳಿಯೋ ಹಳೇದು ಯಾವುದು ಅಂತ ಆವತ್ತು ನೋಡಿದೆ. ಮಾಗಡಿ ಕಡೆಯ ಯಾವುದೋ ಗೌಡರ ಜಗಲಿ ಮುಂದೆ ಆರು ವರ್ಷದ ಹುಡುಗಿ ನಿಂತಿದ್ದಳು. ಶರ್ಟು ಬಿಚ್ಚಿ ಬನಿಯನ್ನಲ್ಲಿ ಹೋದೆ. ಆಗ ಮುಟ್ಟೋಕೆ ಬಿಟ್ಟಳು. ಅವತ್ತಿಂದ ಬೆಳಗಿನ ಸ್ನಾನ ನನ್ನದು, ಹಗಲು ಅಕ್ಕಂದು.

ಆರೈಕೆಗೂ ಜಾತಿ ಇದೆ ಗೆಳೆಯರೇ. ಮಲ್ಲೇಶ್ವರ, ಬಸವನಗುಡಿ, ಜಯನಗರದ ಮನೆಗಳಲ್ಲಿ ಹಾಸಿಗೆ ಹಿಡಿದ ಅಜ್ಜ ಅಜ್ಜಿಯರ ಡೈಪರ್ ಬದಲಿಸೋಕೆ ಏಜೆನ್ಸಿಗಳಿಂದ ಹೋಗೋ ಹೆಣ್ಣುಮಕ್ಕಳಲ್ಲಿ ನಮ್ಮ ಕೇರಿಯವರು ಎಷ್ಟು ಜನ ಅಂತ ಒಮ್ಮೆ ಕೇಳಿ ನೋಡಿ. ಅಕ್ಕ ಬಿಟ್ಟುಬಂದ ಕೆಲಸವೂ ಅದೇ. ಅಲ್ಲಿ ಅಜ್ಜಿ ಮೈಯೆಲ್ಲ ಮುಟ್ಟಿ ತೊಳೀಬಹುದಿತ್ತು, ಕಾಫಿ ಲೋಟ ಮಾತ್ರ ಬೇರೆ. ಆ ಕೆಲಸಕ್ಕೆ ಅಲ್ಲಿ ಸಂಬಳ ಇತ್ತು. ಅದೇ ಕೆಲಸವನ್ನ ಸ್ವಂತ ಅವ್ವನಿಗೆ ಮಾಡೋಕೆ ಕೂತಾಗ ಸಂಬಳ ಸೊನ್ನೆ. ಸಂಧ್ಯಾ ಸುರಕ್ಷಾ ಪಿಂಚಣಿ ತಿಂಗಳಿಗೆ 1,200 ರೂಪಾಯಿ. ದೊಡ್ಡವರ ಡೈಪರಿಗೆ ಹತ್ತು ದಿನಕ್ಕೇ ಅದು ಖಾಲಿ. 2025ರ ಮೇ 1ರಂದು ಬೆಂಗಳೂರಿನ 12 ಸಾವಿರಕ್ಕೂ ಹೆಚ್ಚು ಪೌರಕಾರ್ಮಿಕರಿಗೆ ಖಾಯಂ ಆದೇಶ ಸಿಕ್ಕಿತು. ನಮ್ಮೆಲ್ಲರ ಹೋರಾಟದ ಗೆಲುವು, ನಾನೂ ಕುಣಿದೆ. ಆದ್ರೆ ಅದಕ್ಕೂ ಮೊದಲು ಗುತ್ತಿಗೆದಾರನ ಕೈಕೆಳಗೆ ಸೊಂಟ ಮುರ್ಕೊಂಡು ಬರಿಗೈಯಲ್ಲಿ ಮನೆಗೆ ಹೋದ ತಲೆಮಾರು ಈಗ ಹಾಸಿಗೆ ಹಿಡೀತಿದೆ.

ಇನ್ನು ಕಾನೂನಿಗೆ ಬರೋಣ. 2018ರ ಮಾರ್ಚ್ 9ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ಘನತೆಯಿಂದ ಸಾಯೋದೂ ಬದುಕುವ ಹಕ್ಕಿನ ಭಾಗ ಅಂತ ಹೇಳಿತು. ಪ್ರಜ್ಞೆ ಇದ್ದಾಗಲೇ 'ನನಗೆ ಇಂಥ ಚಿಕಿತ್ಸೆ ಬೇಡ' ಅಂತ ಬರೆದಿಡಬಹುದು. 2023ರ ಜನವರಿಯಲ್ಲಿ ಅದರ ವಿಧಾನವನ್ನ ಸರಳ ಮಾಡಿದ್ರು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಮುಂದೆ ಸಹಿ ಆದ್ರೆ ಸಾಕು. ಅವ್ವ ಹೋಗಿ ಆರು ತಿಂಗಳಿಗೆ, 2025ರ ಜನವರಿ 30ರಂದು, ಕರ್ನಾಟಕ ಸರ್ಕಾರ ಇದನ್ನ ಜಾರಿ ಮಾಡೋಕೆ ಆದೇಶ ಹೊರಡಿಸಿತು. ಬದುಕಿಸೋ ಯಂತ್ರ, ಚಿಕಿತ್ಸೆ ನಿಲ್ಲಿಸಬಹುದಾ ಅಂತ ವೈದ್ಯರ ಎರಡು ಮಂಡಳಿ ನೋಡಿ ತೀರ್ಮಾನ ಮಾಡಬೇಕು. ಒಳ್ಳೇದೇ, ನಾನು ವಿರೋಧಿಸಲ್ಲ.

ಆದ್ರೆ ನಮ್ಮ ಗೆಳೆಯರ ಭಯವನ್ನ ತಳ್ಳಿಹಾಕೋಕೂ ಆಗಲ್ಲ. ಹೆಬ್ಬೆಟ್ಟಿನವರ ಹೆಬ್ಬೆಟ್ಟು ಒತ್ತಿಸ್ಕೊಂಡು ಬೆಡ್ ಖಾಲಿ ಮಾಡಿಸಿದ್ರೆ? 'ಇನ್ನೇನು ಪ್ರಯೋಜನ ಇಲ್ಲ, ಕರ್ಕೊಂಡು ಹೋಗಿ' ಅನ್ನೋ ಮಾತು ನಮ್ಮ ಜನಕ್ಕೆ ಹೊಸದಾ? ಅದಕ್ಕೇ ಹೇಳ್ತೀನಿ: ಟ್ಯೂಬು ಬೇಡ ಅನ್ನೋದು ಬೇರೆ, ಆರೈಕೆ ಬೇಡ ಅನ್ನೋದು ಬೇರೆ. ಈ ವ್ಯತ್ಯಾಸ ನಿಲ್ಲಬೇಕಾದ್ರೆ ಆರೈಕೆ ಅನ್ನೋದು ನಿಜವಾಗಿ ಮನೆ ಬಾಗಿಲಿಗೆ ಬರಬೇಕು. ಟ್ಯೂಬು ತೆಗೆದ ಮೇಲೆ ಕೈತುತ್ತು ಕೊಡೋರು, ಹುಣ್ಣು ತೊಳೆಯೋರು, ನೋವಿಗೆ ಔಷಧಿ ಕೊಡೋರು ಇದ್ದಾಗ ಅದು ಆಯ್ಕೆ. ಯಾರೂ ಇಲ್ಲದಾಗ ಅದು ಕೈಬಿಡೋದು, ಅಷ್ಟೇ.

ಅರುಣಾ ಶಾನಭಾಗ್ ಹೆಸರು ಕೇಳಿರ್ತೀರಿ. ಉತ್ತರ ಕನ್ನಡದ ಹಳದೀಪುರದವರು, ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ನರ್ಸು. ಅವರದ್ದು ಡಿಮೆನ್ಶಿಯಾ ಅಲ್ಲ. 1973ರ ನವೆಂಬರಿನಲ್ಲಿ ನಡೆದ ಹಲ್ಲೆಯಿಂದ ಮಿದುಳು ಸತ್ವ ಕಳ್ಕೊಂಡು 2015ರ ಮೇವರೆಗೆ ಹಾಸಿಗೆಯಲ್ಲೇ ಇದ್ರು. 2011ರ ತೀರ್ಪು ಬಂದದ್ದು ಅವರ ಪ್ರಕರಣದಲ್ಲೇ. ನಾವೆಲ್ಲ ತೀರ್ಪನ್ನ ಚರ್ಚೆ ಮಾಡ್ತೀವಿ. ನಲವತ್ತೊಂದು ವರ್ಷಕ್ಕೂ ಮೇಲೆ, ತಲೆಮಾರು ಬದಲಾದ್ರೂ, ಬೆನ್ನಿಗೆ ಹುಣ್ಣಾಗದ ಹಾಗೆ ಮಗ್ಗುಲು ತಿರುಗಿಸಿದ ಆ ಆಸ್ಪತ್ರೆಯ ನರ್ಸುಗಳನ್ನ ಮರೀತೀವಿ. ನನಗೆ ಘನತೆಯ ಪಾಠ ಅಲ್ಲಿ ಸಿಗುತ್ತೆ.

ಬೆಂಗಳೂರಲ್ಲಿ ಏನೂ ಇಲ್ಲ ಅಂತಲ್ಲ. ಮಾರತ್‌ಹಳ್ಳಿಯ ಕರುಣಾಶ್ರಯ 1999ರಿಂದ ಕೊನೆ ಹಂತದ ಕ್ಯಾನ್ಸರ್ ರೋಗಿಗಳನ್ನ ಒಂದು ಪೈಸೆ ತಗೊಳ್ಳದೆ ನೋಡ್ಕೊಳ್ತಿದೆ. 2022ರ ಜನವರಿಯಲ್ಲಿ ರಾಜ್ಯ ಸರ್ಕಾರ ನಿಮ್ಹಾನ್ಸ್ ಜೊತೆ ಸೇರಿ ಮಿದುಳಿನ ಆರೋಗ್ಯದ ಯೋಜನೆ ಶುರು ಮಾಡಿತು. ಕಾಯಿಲೆ ಬೇಗ ಕಂಡುಹಿಡಿಯೋಕೆ ಅದು ಬೇಕು. ಆದ್ರೆ ನಡೆಯೋಕಾಗದ ಅವ್ವನನ್ನ ಕಾಟನ್‌ಪೇಟೆಯ ವಠಾರದ ಎರಡನೇ ಮಹಡಿಯಿಂದ ಇಳಿಸಿ ಯಾವ ಕ್ಲಿನಿಕ್ಕಿಗೆ ಹೊತ್ಕೊಂಡು ಹೋಗೋಣ? ಕೊನೆಯ ಹಂತದವರ ಹತ್ತಿರ ಕ್ಲಿನಿಕ್ಕೇ ನಡೆದು ಬರಬೇಕು. ಕೇರಳದಲ್ಲಿ 1993ರಲ್ಲಿ ಕೋಯಿಕ್ಕೋಡಿನಲ್ಲಿ ಶುರುವಾದ ಸಣ್ಣ ಕೆಲಸ ನೆರೆಹೊರೆಯ ಸ್ವಯಂಸೇವಕರ ಜಾಲವಾಗಿ ಬೆಳೀತು. 2008ರಲ್ಲಿ ಸರ್ಕಾರ ನೀತಿ ಮಾಡಿತು, ಪಂಚಾಯ್ತಿಯ ನರ್ಸು ಮನೆ ಮನೆಗೆ ಹೋಗ್ತಾರೆ. ಪಕ್ಕದ ರಾಜ್ಯ ಅದು, ಬೇರೆ ಗ್ರಹ ಅಲ್ಲ.

ನಾವು ಕೇಳಬೇಕಾದ್ದು:

1. ವಾರ್ಡಿನ ನಮ್ಮ ಕ್ಲಿನಿಕ್‌ಗೆ ಹೊಂದಿಕೊಂಡು ಮನೆಗೆ ಬರೋ ಉಪಶಾಮಕ ಆರೈಕೆಯ ನರ್ಸು ಬೇಕು. ಕ್ಯಾನ್ಸರ್ ಜೊತೆ ಕೊನೆ ಹಂತದ ಡಿಮೆನ್ಶಿಯಾನೂ ಆ ಪಟ್ಟಿಯಲ್ಲಿರಬೇಕು. ನೋವಿಗೆ ಬೇಕಾದಾಗ ಬಾಯಲ್ಲಿ ಕೊಡೋ ಮಾರ್ಫಿನ್ ಸಿಗಬೇಕು. ಅದು ದುಬಾರಿ ಔಷಧಿ ಅಲ್ಲ, 2014ರಲ್ಲೇ ಕಾನೂನು ಸಡಿಲ ಆಗಿದೆ.

2. ಹಾಸಿಗೆ ಹಿಡಿದವರನ್ನ ನೋಡ್ಕೊಳ್ಳೋ ಮನೆಯವರಿಗೆ ತಿಂಗಳ ಭತ್ಯೆ ಬೇಕು. ಡೈಪರ್, ಹುಣ್ಣಿನ ಡ್ರೆಸ್ಸಿಂಗ್, ಗಾಳಿಹಾಸಿಗೆ ಪುಕ್ಕಟೆ ಸಿಗಬೇಕು.

3. 2016ರ ಅಂಗವಿಕಲರ ಹಕ್ಕು ಕಾಯ್ದೆಯ 21 ವೈಕಲ್ಯಗಳ ಪಟ್ಟಿಯಲ್ಲಿ ಡಿಮೆನ್ಶಿಯಾದ ಹೆಸರೇ ಇಲ್ಲ. ಸೇರಿಸಬೇಕು.

4. ನೆನಪಿನ ಪರೀಕ್ಷೆ, ಸಾವಿನ ಬಗ್ಗೆ ಬರೆದಿಡೋ ಇಚ್ಛಾಪತ್ರ, ಎರಡೂ ಓದು ಬರದವರಿಗೆ ಅವರ ಮಾತಿನಲ್ಲೇ ತಿಳಿಸಿ ಮಾಡುವಂತಿರಬೇಕು. ಕಾಯಿಲೆಯ ಶುರುವಲ್ಲೇ, ಅವರಿಗಿನ್ನೂ ಬುದ್ಧಿ ಇರುವಾಗಲೇ ಕೇಳಬೇಕು. ನಮ್ಮವ್ವನ ಇಷ್ಟ ಏನಂತ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

5. ಮನೆಗಳಲ್ಲಿ ರೋಗಿಗಳನ್ನ ನೋಡ್ಕೊಳ್ಳೋ ಹೆಣ್ಣುಮಕ್ಕಳಿಗೆ ತರಬೇತಿ, ಕನಿಷ್ಠ ವೇತನ, ಇಎಸ್‌ಐ ಬೇಕು. ಅವರನ್ನ ನಮ್ಮ ಸಂಘಟನೆಗಳು ಕಾರ್ಮಿಕರು ಅಂತ ಮೊದಲು ಒಪ್ಪಬೇಕು.

ಆರನೇದು ಸರ್ಕಾರಕ್ಕಲ್ಲ, ನಮಗೆ. ವಿನಯಪಿಟಕದಲ್ಲಿ ಒಂದು ಪ್ರಸಂಗ ಇದೆ. ಭೇದಿ ಹತ್ತಿದ ಭಿಕ್ಖುವೊಬ್ಬ ತನ್ನ ಮಲದಲ್ಲೇ ಬಿದ್ದಿದ್ದ. ಅವನಿಂದ ಏನೂ ಉಪಯೋಗ ಇಲ್ಲ ಅಂತ ಉಳಿದವರು ಯಾರೂ ಹತ್ತಿರ ಹೋಗಿರಲಿಲ್ಲ. ಬುದ್ಧ ಆನಂದನಿಗೆ ನೀರು ತರೋಕೆ ಹೇಳಿ, ತಾನೇ ಅವನ ಮೇಲೆ ನೀರು ಹಾಕಿದ, ಆನಂದ ತೊಳೆದ. ಆಮೇಲೆ ಸಂಘವನ್ನ ಕರೆದು, ಒಬ್ಬರನ್ನೊಬ್ಬರು ನೋಡ್ಕೊಳ್ಳದಿದ್ರೆ ನಿಮಗೆ ಇನ್ಯಾರಿದ್ದಾರೆ ಅಂತ ಕೇಳಿದ. ಬಾಬಾಸಾಹೇಬರು ನಮ್ಮನ್ನ ಕರೆದುಕೊಂಡು ಹೋದದ್ದು ಈ ಬುದ್ಧನ ಹತ್ತಿರ. ಗಂಡಸರೇ, ಮೀಟಿಂಗಿಗೆ ಹೊರಡೋ ಮುಂಚೆ ನಿಮ್ಮ ಮನೆಯಲ್ಲಿ ಆ ನೀರು, ಬಟ್ಟೆ ಯಾರ ಕೈಯಲ್ಲಿದೆ ಅಂತ ಒಂದು ಸಲ ನೋಡಿ.

ಅವ್ವನ ಕೊನೆಯ ವಾರ ಚಮಚಕ್ಕೂ ಬಾಯಿ ತೆರೀಲಿಲ್ಲ. 'ದೇಹ ಸಾಕು ಅಂತಿದೆ, ಬಲವಂತ ಬೇಡ' ಅಂದ್ರು ನರ್ಸಮ್ಮ. ಒದ್ದೆ ಬಟ್ಟೆಯಲ್ಲಿ ತುಟಿ ಒರೆಸ್ತಿದ್ವಿ. ಅಕ್ಕ ಮಾರ್ಕೆಟ್ಟಿಂದ ಮರುಗ ತರಿಸಿ ಮೂಗಿನ ಹತ್ತಿರ ಹಿಡಿದ್ರೆ ಹುಬ್ಬಿನ ಗಂಟು ಸಡಿಲ ಆಗ್ತಿತ್ತು. ಒಂದು ಬೆಳಗಿನ ಜಾವ, ಅವಳು ಹಾಜರಿಗೆ ಹೊರಡ್ತಿದ್ದ ಹೊತ್ತಿಗೆ, ಉಸಿರು ನಿಂತಿತು. ಮೂಗಲ್ಲಿ ಟ್ಯೂಬು ಇರಲಿಲ್ಲ. ಬೆನ್ನಲ್ಲಿ ಹುಣ್ಣು ಒಣಗಿತ್ತು. ಕೈ ಬಿಚ್ಚಿತ್ತು.

ಆ ನರ್ಸಮ್ಮ ನಮ್ಮ ವಠಾರದ ಹತ್ತಿರ ಇರದಿದ್ರೆ ಇದೂ ಸಿಗ್ತಿರಲಿಲ್ಲ. ಪಕ್ಕದ ಮನೆಯವರು ಯಾರು ಅನ್ನೋದರ ಮೇಲೆ ನಮ್ಮವರ ಸಾವು ನಿಂತಿರಬಾರದು. ನಿಮ್ಮ ಕೇರಿಯಲ್ಲಿ ಹೀಗೆ ಹಾಸಿಗೆ ಹಿಡಿದವರು ಯಾರಿದ್ದಾರೆ, ಅವರನ್ನ ಯಾರು ನೋಡ್ಕೊಳ್ತಿದ್ದಾರೆ, ಈ ವಾರ ಒಂದು ಸಲ ಹೋಗಿ ನೋಡಿ ಬನ್ನಿ. ಪಟ್ಟಿ ಮಾಡೋಣ. ವಾರ್ಡ್ ಆಫೀಸಿನ ಮುಂದೆ ಆ ಪಟ್ಟಿ ಹಿಡಿದೇ ಕೂರೋಣ.

ಜೈಭೀಮ್.